ಹಿಟ್ಟಿನ ಗಿರಣಿಯ ಕೊನೆಯ ಹಾಳೆ

ಗುರುವಾರ ಬೆಳಿಗ್ಗೆ ಏಳೂವರೆಗೆ ಕ್ಲೈವ್ ಪೆಂಗೆಲಿ ಇನ್ನೇನು ಕೊಲೆಗಾರನನ್ನು ಹಿಡಿಯುವುದರಲ್ಲಿದ್ದ. ಟೋಸ್ಟು ತಣ್ಣಗಾಗಿತ್ತು, ಚಹಾದ ಮೇಲೆ ಕೆನೆ ಕಟ್ಟಿತ್ತು, ಹಿತ್ತಲಲ್ಲಿ ಕೋಳಿಗಳು ಕಾಳಿಗಾಗಿ ಗಲಾಟೆ ಎಬ್ಬಿಸಿದ್ದವು. ಅವನಿಗೆ ಯಾವುದರ ಪರಿವೆಯೂ ಇರಲಿಲ್ಲ. 'ಹಿಟ್ಟಿನ ಗಿರಣಿಯ ಮೂರನೇ ಹೆಣ' ಎಂಬ ಕಾದಂಬರಿಯ ಇನ್ನೂರ ನಲವತ್ತಾರನೇ ಪುಟದಲ್ಲಿ ಅಡುಗೆಯವಳು, ಡಾಕ್ಟರು, ಪಾದ್ರಿ, ಗಿರಣಿ ಮಾಲೀಕನ ವಿಧವೆ ನಾಲ್ವರೂ ಪಡಸಾಲೆಯಲ್ಲಿ ಬೆವರುತ್ತ ಕೂತಿದ್ದರು. ಇನ್‌ಸ್ಪೆಕ್ಟರು ಪೈಪು ಕೆಳಗಿಟ್ಟು ಹೇಳಿದ: "ಮೂರು ಕೊಲೆಗಳನ್ನೂ ಮಾಡಿದವರು ಈ ಕೋಣೆಯಲ್ಲೇ ಇದ್ದಾರೆ. ಅವರು ಬೇರೆ ಯಾರೂ ಅಲ್ಲ..."

ಪುಟ ಅಲ್ಲಿಗೆ ಮುಗಿಯಿತು. ಕ್ಲೈವನ ಕಣ್ಣು ಬಲಗಡೆಯ ಪುಟಕ್ಕೆ ಹಾರಿತು. ಅಲ್ಲಿ ಪುಟವೇ ಇರಲಿಲ್ಲ. ನುಣ್ಣಗೆ ಹರಿದ ಒಂದು ಅಂಚು, ಅದರಾಚೆ ಬರೀ ರಟ್ಟು.

"ಯಾವನೋ ಅವನು!" ಎಂದು ಕ್ಲೈವ್ ಕಿರುಚಿದ ರಭಸಕ್ಕೆ ಕೋಳಿಗಳು ಕೂಡ ಬಾಯಿ ಮುಚ್ಚಿದವು.

ಊರಿನ ಗೋಧಿ ಉಗ್ರಾಣದಲ್ಲಿ ಮೂವತ್ತೆಂಟು ವರ್ಷ ಲಾರಿ ತೂಗಿ ನಿವೃತ್ತನಾದ ಮನುಷ್ಯ ಅವನು. ಒಂದು ಲಾರಿಯನ್ನೂ ಅರ್ಧ ತೂಗಿ ಕಳಿಸಿದವನಲ್ಲ, ಒಂದು ಪುಸ್ತಕವನ್ನೂ ಅರ್ಧ ಓದಿ ಬಿಟ್ಟವನಲ್ಲ. ಕೈಲಿರುವ ಕಾದಂಬರಿ ಮುಗಿಯದೆ ಇನ್ನೊಂದನ್ನು ಮುಟ್ಟುವುದೆಂದರೆ ಅವನ ಪಾಲಿಗೆ ಅನಾಚಾರ. ವಿಲ್ಗಾರಾ ಊರಿಗೆ ಗ್ರಂಥಾಲಯದ ಪುಸ್ತಕದ ವ್ಯಾನು ಬರುವುದು ಎರಡು ವಾರಕ್ಕೊಮ್ಮೆ. ಈ ಗುರುವಾರ ಬಂದು ನಾಲ್ಕು ಗಂಟೆಗೆ ಹೊರಟಿತೆಂದರೆ ಮುಗಿಯಿತು. ಅಷ್ಟರೊಳಗೆ ಕೊಲೆಗಾರ ಯಾರೆಂದು ತಿಳಿಯದಿದ್ದರೆ ಎರಡು ವಾರ ಗೋಡೆ ನೋಡುತ್ತ ಕೂರಬೇಕು.

ತಿಳಿದುಕೊಳ್ಳುವುದೇನೂ ಕಷ್ಟವಲ್ಲ ಎಂದು ಅವನಿಗೆ ಅನಿಸಿತು. ವಿಲ್ಗಾರಾದ ಓದುಗರಿಗೊಂದು ಅಭ್ಯಾಸವಿದೆ. ಪತ್ತೇದಾರಿ ಪುಸ್ತಕಗಳ ಹೆಸರೆಲ್ಲ ಒಂದೇ ಥರ, ಪ್ರಣಯ ಕಾದಂಬರಿಗಳ ರಟ್ಟೆಲ್ಲ ಒಂದೇ ಥರ. ಓದಿದ್ದನ್ನೇ ಮತ್ತೆ ಹೊತ್ತು ತರಬಾರದಲ್ಲ. ಹಾಗಾಗಿ ಓದುವವರೆಲ್ಲ ಇಪ್ಪತ್ತೊಂದನೇ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ, ಒಬ್ಬರ ಕೆಳಗೊಬ್ಬರು, ತಮ್ಮದೊಂದು ಸಣ್ಣ ಗುರುತು ಹಾಕುತ್ತಾರೆ. ವ್ಯಾನು ನಡೆಸುವ ಲೆಯೊನಿಗೆ ಅದು ಗೊತ್ತು, ಕಂಡರೂ ಕಾಣದವಳಂತೆ ಇರುತ್ತಾಳೆ.

ಕ್ಲೈವ್ ಪುಟ ತೆರೆದ. ಅವನದೇ ಗುರುತಾದ ತ್ರಿಕೋನದ ಮೇಲೆ ನಾಲ್ಕು ಗುರುತುಗಳಿದ್ದವು. ಬ್ರೆಡ್ಡಿನ ಚಿತ್ರ ಬೇಕರಿಯ ಡಗ್‌ನದು. ನಕ್ಷತ್ರ ಅಂಚೆ ಕಚೇರಿಯ ಮಾರ್ಲೀನಳದು. ಚುಕ್ಕೆಯಿಟ್ಟ ಚೆಂಡು, ಹುಲ್ಲುಹಾಸಿನ ಮೇಲೆ ಚೆಂಡು ಉರುಳಿಸಿ ಆಡುವ ಬೋಲ್ಸ್ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುವ ಟ್ರೆವರನದು. ಎಲ್ಲಕ್ಕಿಂತ ಮೇಲಿನ ನಾಲ್ಕನೆಯದು ಮಾತ್ರ ಅವನಿಗೆ ಅಪರಿಚಿತ: ಒಂದು ದುಂಡು, ಅದರ ನೆತ್ತಿಯಲ್ಲಿ ಕಿಡಿ. ಬತ್ತಿ ಹೊತ್ತಿದ ಬಾಂಬು! ಕೊಲೆ ಪುಸ್ತಕ ಓದುವವನೇ, ಅದೂ ಕ್ರೂರಿ, ಎಂದು ಕ್ಲೈವ್ ತೀರ್ಮಾನಿಸಿ ಟೋಪಿ ಹಾಕಿಕೊಂಡ.

ಬೇಕರಿಯಲ್ಲಿ ಡಗ್ ಮಾಂಸದ ಪೈಗಳನ್ನು ಒಲೆಯಿಂದ ತೆಗೆಯುತ್ತಿದ್ದ. ಕ್ಲೈವ್ ಪುಸ್ತಕವನ್ನು ಗಲ್ಲಾದ ಮೇಲೆ ಕುಕ್ಕಿದ.

"ಡಗ್, ಇದನ್ನ ನೀನು ಓದಿದ್ದೀಯಲ್ಲ?"

"ಓಹೋ, ಗಿರಣಿ ಪುಸ್ತಕ! ಏನ್ ಬರೆದಿದಾನೆ ಅಂತೀಯ! ಆ ಕೊನೆ ಇದೆಯಲ್ಲ, ಅದನ್ನ ಮಾತ್ರ ಯಾರೂ ಊಹಿಸೋಕಾಗಲ್ಲ ಬಿಡು."

"ಅದನ್ನೇ ಕೇಳೋಕೆ ಬಂದೆ. ಯಾರು ಕೊಲೆ ಮಾಡಿದ್ದು?"

ಡಗ್ ಕೈ ಒರೆಸಿಕೊಂಡ. "ನಾನು ಹೇಳಿ ನಿನ್ನ ಮಜಾ ಕೆಡಿಸಲಾ? ಸಾಧ್ಯವೇ ಇಲ್ಲ ಕಣೋ."

"ಮಜಾ ಕೆಟ್ಟಾಗಿದೆ ಮಾರಾಯ! ಕೊನೆ ಹಾಳೇನೇ ಯಾರೋ ಹರಿದಿದಾರೆ!"

ಡಗ್‌ನ ಮುಖ ಒಲೆಗಿಂತ ಕೆಂಪಾಯಿತು. "ಹರಿದಿದಾರಾ? ಛೆ ಛೆ. ನಾನು ಓದೋವಾಗ ಎಲ್ಲಾ ಸರಿಯಾಗಿತ್ತಪ್ಪ. ತಗೋ, ಬಿಸಿ ಪೈ ತಿನ್ನು, ಸಮಾಧಾನ ಮಾಡ್ಕೋ."

ಕ್ಲೈವ್ ಪೈ ತಿಂದ, ಸಮಾಧಾನ ಮಾಡಿಕೊಳ್ಳಲಿಲ್ಲ. ನಾಲಿಗೆ ಬೇರೆ ಸುಟ್ಟುಕೊಂಡ.

ಅಂಚೆ ಕಚೇರಿಯಲ್ಲಿ ಮಾರ್ಲೀನ್ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಕ್ಲೈವ್, ಆ ಕೊನೇ ಪುಟ ಓದಿ ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ ನನಗೆ."

"ಯಾರು ಮಾಡಿದ್ದು ಹೇಳು ಮಾರ್ಲೀನ್, ನನಗೂ ನಿದ್ದೆ ಬರಲ್ಲ."

"ಹೇಳಿದ್ರೆ ನನ್ನ ಬಾಯಿಗೆ ಹುಳ ಬೀಳುತ್ತೆ. ನಾನು ಹಾಗೆಲ್ಲಾ ಗುಟ್ಟು ಬಿಡೋಳಲ್ಲ."

ಊರಿನ ಪ್ರತಿಯೊಂದು ಗುಟ್ಟನ್ನೂ ಅಂಚೆಗಿಂತ ವೇಗವಾಗಿ ತಲುಪಿಸುವ ಹೆಂಗಸಿನ ಬಾಯಲ್ಲಿ ಈ ಮಾತು! ಕ್ಲೈವನಿಗೆ ಮೈ ಉರಿದುಹೋಯಿತು. ಹರಿದ ಅಂಚನ್ನು ಅವಳ ಮೂಗಿನ ಕೆಳಗೆ ಹಿಡಿದ. ಮಾರ್ಲೀನ್ ತಟ್ಟನೆ ಸ್ಟಾಂಪುಗಳನ್ನು ಜೋಡಿಸತೊಡಗಿದಳು. "ನಿನ್ನ ಕೈಗೆ ಬಂದ ಮೇಲೇ ಹರಿದಿರಬೇಕು. ಪುಸ್ತಕಾನ ಸ್ವಲ್ಪ ಮೆತ್ತಗೆ ಹಿಡಿಯೋದು ಕಲಿ ಕ್ಲೈವ್" ಎಂದಳು.

ನಲವತ್ತು ವರ್ಷದಲ್ಲಿ ಒಂದು ಪುಟದ ಮೂಲೆಯನ್ನೂ ಮಡಿಸದ ಮನುಷ್ಯನಿಗೆ! ಅವನು ಬಾಗಿಲು ದಾಟುವಷ್ಟರಲ್ಲಿ ಅವಳು ಫೋನು ಎತ್ತಿಕೊಂಡಿದ್ದಳು.

ಬೋಲ್ಸ್ ಕ್ಲಬ್ಬಿಗೆ ನಡೆದು ಹೋಗಲು ಹತ್ತು ನಿಮಿಷ. ಸುದ್ದಿ ಅವನಿಗಿಂತ ಮುಂದೆ ಹೋಗಿತ್ತು. ಟ್ರೆವರ್ ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ತಲೆಯಾಡಿಸಿದ.

"ಏನಯ್ಯ ಕ್ಲೈವ್, ಪುಸ್ತಕ ಹರಿದು ಬಾರ್ಬೆಕ್ಯೂಗೆ ಬೆಂಕಿ ಹಚ್ಚಿದೆಯಂತೆ? ಸೌದೆ ಬೇಕಿದ್ರೆ ನನ್ನ ಕೇಳಬಾರದಿತ್ತಾ?"

"ನಾನು ಹರೀಲಿಲ್ಲ! ಯಾವನೋ ಹರಿದಿದಾನೆ! ಹರಿದವನನ್ನ ಹಿಡಿಯೋಕೆ ಬಂದಿದೀನಿ!"

"ತಪ್ಪು ಮಾಡಿದೋರೆಲ್ಲಾ ಹೀಗೇ ಕೂಗಾಡೋದು. ನಿನ್ನ ಪತ್ತೇದಾರಿ ಪುಸ್ತಕದಲ್ಲೇ ಬರುತ್ತಲ್ಲ."

"ಹೋಗಲಿ, ಕೊಲೆಗಾರ ಯಾರು ಅಷ್ಟು ಹೇಳು."

"ಅದನ್ನ ಹೇಳಿದ್ರೆ ನಿನಗೆ ಅಭ್ಯಾಸ ಆಗಿಬಿಡುತ್ತೆ. ಪ್ರತಿ ಪುಸ್ತಕಕ್ಕೂ ನನ್ನ ಹತ್ರಾನೇ ಬರ್ತೀಯ" ಎಂದ ಟ್ರೆವರ್, ಯಂತ್ರವನ್ನು ಮತ್ತೆ ಚಾಲೂ ಮಾಡಿ ಹುಲ್ಲನ್ನೆಲ್ಲ ಕ್ಲೈವನ ಬೂಟಿನ ಮೇಲೆ ಹಾರಿಸಿದ.

ಎರಡು ಗಂಟೆಗೆ ವ್ಯಾನು ಬಂದು ಕ್ಲಬ್ಬಿನ ಮುಂದಿನ ದೊಡ್ಡ ಮರದ ಕೆಳಗೆ ನಿಂತಿತು. ಕ್ಲೈವ್ ಎಲ್ಲರಿಗಿಂತ ಮೊದಲು ಹತ್ತಿದ. ಲೆಯೊನಿ ಪುಸ್ತಕವನ್ನು ತಿರುಗಿಸಿ ನೋಡಿ, ನಿಟ್ಟುಸಿರುಬಿಟ್ಟು, 'ರದ್ದು' ಎಂದು ಬರೆದಿದ್ದ ಪೆಟ್ಟಿಗೆಯೊಳಗೆ ಹಾಕಿದಳು.

"ಇನ್ನೊಂದು ಪ್ರತಿ ತರಿಸಮ್ಮ."

"ಎಲ್ಲಿಂದ ತರಿಸಲಿ ಕ್ಲೈವ್? ಅಡಿಲೇಡಿನ ದೊಡ್ಡ ಗ್ರಂಥಾಲಯಕ್ಕೂ ಕೇಳಿ ನೋಡಿದ್ದೆ ಒಂದ್ಸಲ. ಇರೋದು ಇದೊಂದೇ. ಹಾಳೆ ಸಿಕ್ರೆ ಅಂಟಿಸ್ತೀನಿ, ಸಿಗಲಿಲ್ಲ ಅಂದ್ರೆ ನಾಲ್ಕು ಗಂಟೆಗೆ ಇದು ರದ್ದಿಗೆ. ಅಂದಹಾಗೆ, ನೀವ್ಯಾಕೆ ಇದರಲ್ಲಿ ಬೆಂಕಿ ಹಚ್ಚೋಕೆ ಹೋದ್ರಿ?"

ಕ್ಲೈವ್ ಪೆಟ್ಟಿಗೆಯಿಂದ ಪುಸ್ತಕವನ್ನು ಮತ್ತೆ ಎತ್ತಿಕೊಂಡ. ಇನ್ನು ಸಹಿಸುವುದು ಸಾಧ್ಯವಿರಲಿಲ್ಲ. ಮೂರೂವರೆಗೆ ಡಗ್, ಮಾರ್ಲೀನ್, ಟ್ರೆವರ್ ಮೂವರೂ ಪುಸ್ತಕ ಬದಲಿಸಲು ಬಂದರು. ಅವರ ಹಿಂದೆ ಎಂಬತ್ತೊಂದು ವರ್ಷದ ಎನಿಡ್ ಟ್ರೆಜೈಸ್ ಪ್ರಣಯ ಕಾದಂಬರಿಗಳ ಚೀಲದೊಂದಿಗೆ ಬಂದು, ಕಪಾಟಿನ ಪಕ್ಕದ ಸ್ಟೂಲಿನಲ್ಲಿ ಕೂತು ಹೆಣಿಗೆ ತೆಗೆದರು. ಕ್ಲೈವ್ ಹೋಗಿ ಬಾಗಿಲಿಗೆ ಅಡ್ಡ ನಿಂತ.

"ಅಪರಾಧಿ ಈ ವ್ಯಾನಿನಲ್ಲೇ ಇದಾನೆ!"

"ನೀನೇ ತಾನೆ?" ಎಂದ ಟ್ರೆವರ್.

"ಬಾಯಿ ಮುಚ್ಚು! ನೀವು ಮೂವರೂ ಕೊನೇ ಪುಟ ಓದಿದೀವಿ ಅಂತೀರಿ. ಅದ್ಭುತ ಅಂತೀರಿ. ಸರಿ, ಹೇಳಬೇಡಿ. ಒಬ್ಬೊಬ್ಬರೂ ಒಂದೊಂದು ಚೀಟಿಯಲ್ಲಿ ಕೊಲೆಗಾರನ ಹೆಸರು ಬರೀರಿ. ಲೆಯೊನಿ ಓದಲಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬರೆಯದೆ ವಿಧಿಯಿರಲಿಲ್ಲ. ಪೆನ್ಸಿಲು ಕಚ್ಚಿದರು, ಚಾವಣಿ ನೋಡಿದರು, ಒಬ್ಬರದನ್ನೊಬ್ಬರು ಇಣುಕಿ ನೋಡಲು ಯತ್ನಿಸಿದರು. ಕೊನೆಗೆ ಲೆಯೊನಿ ಚೀಟಿಗಳನ್ನು ಬಿಡಿಸಿದಳು.

"ಡಗ್: ಅಡುಗೆಯವಳು. ಮಾರ್ಲೀನ್: ಡಾಕ್ಟರು. ಟ್ರೆವರ್: ಪಾದ್ರಿ."

ಕ್ಲೈವ್ ಮೂರೂ ಚೀಟಿಗಳನ್ನು ಕಸಿದುಕೊಂಡು ಎತ್ತಿ ಹಿಡಿದ.

"ಒಬ್ಬರೂ ಓದಿಲ್ಲ!" ಅವನು ಗುಡುಗಿದ. "ಹಾಳೆ ಆಗಲೇ ಇರಲಿಲ್ಲ! ಗೊತ್ತಿದ್ದೂ ಬಾಯಿ ಬಿಡಲಿಲ್ಲ ನೀವು!"

"ಏನ್ ಮಾಡ್ಲಿ?" ಡಗ್ ನೆಲ ನೋಡಿದ. "ಬಾಯಿ ಬಿಟ್ಟಿದ್ರೆ ನಾನೇ ಹರಿದೆ ಅಂತಿದ್ರು. ಸುಮ್ನೆ ಕವುಚಿ ಇಟ್ಟು ಬಂದೆ."

"ನಾನೂ" ಎಂದಳು ಮಾರ್ಲೀನ್. "ಡಗ್ ಕೊನೆ ಚೆನ್ನಾಗಿದೆ ಅಂದಿದ್ದ. ಹಾಳೆ ಇಲ್ಲ ಅಂದ್ರೆ ನನ್ನ ಮೇಲೇ ಬರುತ್ತಲ್ಲ ಅಂತ ನಾನೂ ಚೆನ್ನಾಗಿದೆ ಅಂದೆ."

"ಇಬ್ಬರೂ ಚೆನ್ನಾಗಿದೆ ಅಂದ ಮೇಲೆ ನಾನೊಬ್ಬ ಯಾಕೆ ಬೇರೆ ಹೇಳಲಿ?" ಎಂದ ಟ್ರೆವರ್. "ಈಗ ನೋಡು, ನಿಜ ಹೇಳಿದ ನಿನ್ನ ಗತಿ ಏನಾಯ್ತು!"

ಸುಳ್ಳು ಹೇಳಿದವರು ಸುಖವಾಗಿ ಪೈ ಮಾರುತ್ತ, ಸ್ಟಾಂಪು ಹರಿಯುತ್ತ ಇದ್ದರು. ಹಾಳೆ ಇಲ್ಲವೆಂದು ಬಾಯಿಬಿಟ್ಟು ಹೇಳಿದ ಒಬ್ಬನೇ ಒಬ್ಬ ಪ್ರಾಮಾಣಿಕ ಊರಿಗೆಲ್ಲ ಕಳ್ಳನಾಗಿದ್ದ. ಇದು ಯಾವ ನ್ಯಾಯ? ಗಡಿಯಾರ ಮೂರು ಐವತ್ತು ತೋರಿಸುತ್ತಿತ್ತು. ಕ್ಲೈವ್ ಪುಸ್ತಕ ತೆರೆದು ಇಪ್ಪತ್ತೊಂದನೇ ಪುಟವನ್ನು ಎಲ್ಲರತ್ತ ಹಿಡಿದ.

"ಹಾಗಾದ್ರೆ ಹರಿದವನು ಇವನೇ. ಎಲ್ಲರಿಗಿಂತ ಮೊದಲು ಓದಿದವನು. ಈ ಬಾಂಬು ಯಾರದು?"

ಎನಿಡ್ ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಬಾಂಬಲ್ಲ ಕಣಪ್ಪ ಅದು. ಉಂಗುರ. ಮೇಲೆ ವಜ್ರ ಹೊಳೀತಾ ಇದೆ, ಕಾಣಿಸಲ್ವಾ? ನನ್ನ ಗುರುತು."

ಕ್ಲೈವ್ ತೊದಲಿದ. "ನೀವಾ? ಎನಿಡ್, ನೀವು ಕೊಲೆ ಪುಸ್ತಕ ಯಾವಾಗ ಓದಿದ್ರಿ?"

"ಕೊಲೆ ಪುಸ್ತಕ ಅಂತ ನನಗೇನು ಗೊತ್ತು? ರಟ್ಟಿನ ಮೇಲೆ ಬೆಳದಿಂಗಳಲ್ಲಿ ಒಬ್ಬ ಗಂಡಸು ಒಬ್ಬಳನ್ನ ತಬ್ಬಿಕೊಂಡು ನಿಂತಿದಾನೆ."

"ತಬ್ಬಿಕೊಂಡಿಲ್ಲ, ಕತ್ತು ಹಿಸುಕ್ತಾ ಇದಾನೆ!"

"ಹತ್ತಿರದಿಂದ ನೋಡಿದ ಮೇಲೆ ನನಗೂ ಸ್ವಲ್ಪ ಹಾಗೇ ಅನ್ನಿಸ್ತು" ಎಂದರು ಎನಿಡ್ ಶಾಂತವಾಗಿ. "ಊಟಕ್ಕೆ ಮೊದಲೇ ಮೂರು ಹೆಣ! ಇದನ್ನೆಲ್ಲಾ ಹೇಗೆ ಓದ್ತೀರೋ ನೀವು."

"ಹಾಳೆ ಯಾಕೆ ಹರಿದ್ರಿ?"

"ಅಂಗಡಿ ಚೀಟಿ ಬರೆಯೋಕೆ. ಹಿಂಬದಿ ಖಾಲಿ ಇತ್ತು. ನಮ್ಮ ಪ್ರಣಯದ ಪುಸ್ತಕಗಳ ಕೊನೆ ಹಾಳೆಗಳನ್ನೆಲ್ಲಾ ಹಾಗೇ ಮಾಡ್ತೀನಪ್ಪ ನಾನು. ಕೊನೇಲಿ ಮದುವೆ ಆಗುತ್ತೆ ಅಂತ ಎಲ್ಲರಿಗೂ ಗೊತ್ತೇ ಇರುತ್ತೆ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ."

ಲೆಯೊನಿ ಪ್ರಣಯ ಕಾದಂಬರಿಗಳ ಕಪಾಟಿನಿಂದ ಒಂದೊಂದೇ ಪುಸ್ತಕ ಎಳೆದು ಹಿಂಬದಿ ನೋಡತೊಡಗಿದಳು. ಮೂರನೇ ಪುಸ್ತಕದ ಹೊತ್ತಿಗೆ ಅವಳು ಕುರ್ಚಿಯಲ್ಲಿ ಕೂತುಬಿಟ್ಟಳು.

"ಆ ಚೀಟಿ ಈಗ ಎಲ್ಲಿದೆ?" ಕ್ಲೈವ್ ಕೇಳಿದ.

"ಅಂಗಡಿಗೆ ಕೊಟ್ಟೆ. ಬೆಣ್ಣೆ, ಸಾಬಕ್ಕಿ ತಂದೆ. ಅದಾಗಿ ಒಂದು ವರ್ಷ ಆಯ್ತೇನೋ."

ಕ್ಲೈವ್ ಕಣ್ಣು ಮುಚ್ಚಿಕೊಂಡ. ಆಮೇಲೆ ಅವನಿಗೊಂದು ಆಸೆ ಹುಟ್ಟಿತು. ಬಂದು ಅವರ ಸ್ಟೂಲಿನ ಮುಂದೆ ಮಂಡಿಯೂರಿ ಕೂತ.

"ಎನಿಡ್, ಹರಿಯೋಕೆ ಮುಂಚೆ ಅದನ್ನ ಓದಿದ್ರಾ?"

"ಓದದೆ ಹರೀತೀನಾ? ಅಂಥವಳಲ್ಲ ನಾನು."

ಮಾರ್ಲೀನ್ ಕತ್ತು ಚಾಚಿದಳು. ಡಗ್ ಒಂದು ಹೆಜ್ಜೆ ಮುಂದೆ ಬಂದ. ಟ್ರೆವರ್ ಟೋಪಿ ತೆಗೆದ. ಒಂದು ವರ್ಷದಿಂದ ಅವರ ಹೊಟ್ಟೆಯಲ್ಲೂ ಅದೇ ಪ್ರಶ್ನೆ ಕೂತಿತ್ತು.

"ಹಾಗಾದ್ರೆ ಹೇಳಿ. ಕೊನೇಲಿ ಏನಾಯ್ತು?"

ಎನಿಡ್ ಅವರ ಮುಖ ಅರಳಿತು. ಹೆಣಿಗೆಯನ್ನು ಮಡಿಲಲ್ಲಿಟ್ಟರು.

"ಇನ್‌ಸ್ಪೆಕ್ಟರು ಆ ಗಿರಣಿ ವಿಧವೆಯನ್ನ ಮದುವೆ ಆದ. ತೋಟದಲ್ಲಿ, ಸೇಬಿನ ಮರದ ಕೆಳಗೆ ನಿಂತು ಕೇಳ್ತಾನೆ. ಅವಳು ಮಾತೇ ಆಡಲ್ಲ, ಸುಮ್ನೆ ಕೈ ಕೊಡ್ತಾಳೆ. ನಾನು ಅತ್ತುಬಿಟ್ಟೆ."

"ಆಹಾ!" ಎಂದಳು ಮಾರ್ಲೀನ್. "ಮದುವೆ ಆದ್ರಾ? ಪಾಪ, ಅವಳಿಗೆ ಒಳ್ಳೇದಾಯ್ತು."

"ಅವಳಿಗೊಂದು ದಿಕ್ಕು ಆಯ್ತು" ಎಂದ ಡಗ್, ಮೂಗು ಒರೆಸಿಕೊಳ್ಳುತ್ತ.

"ಕೊಲೆ!" ಕ್ಲೈವ್ ಕೂಗಿದ. "ಕೊಲೆ ಮಾಡಿದ್ದು ಯಾರು?"

ಎನಿಡ್ ಹುಬ್ಬು ಗಂಟಿಕ್ಕಿದರು.

"ಯಾರನ್ನೋ ಪೊಲೀಸಿನೋರು ಕರ್ಕೊಂಡು ಹೋದ್ರು ಅಂತ ಮೇಲುಗಡೆ ಒಂದೆರಡು ಸಾಲು ಇತ್ತು. ನಾನದನ್ನ ಸರಿಯಾಗಿ ನೋಡಲಿಲ್ಲ ಕಣಪ್ಪ. ಅವರೆಲ್ಲಾ ಹೋದ ಮೇಲೇ ತಾನೆ ಇವರಿಬ್ಬರೂ ತೋಟಕ್ಕೆ ಹೋಗಿದ್ದು!"

ನಾಲ್ಕು ಹೊಡೆಯಿತು. ಲೆಯೊನಿ ಕ್ಲೈವನ ಕೈಯಿಂದ ಪುಸ್ತಕವನ್ನು ಮೆಲ್ಲಗೆ ಬಿಡಿಸಿಕೊಂಡು ಪೆಟ್ಟಿಗೆಗೆ ಹಾಕಿ, ಎಲ್ಲರನ್ನೂ ಇಳಿಸಿ ವ್ಯಾನು ಹೊರಡಿಸಿದಳು. ಮರದ ಕೆಳಗೆ ನಿಂತ ನಾಲ್ವರೂ ಮದುವೆಗೆ ಆ ವಿಧವೆ ಎಂಥ ಗೌನು ಹಾಕಿದ್ದಿರಬಹುದೆಂದು ಮಾತಾಡಿಕೊಳ್ಳುತ್ತಿದ್ದರು. ಕ್ಲೈವ್ ಮಾತ್ರ ಬರಿಗೈಯಲ್ಲಿ ರಸ್ತೆಯ ನಡುವೆ ನಿಂತು, ಧೂಳೆಬ್ಬಿಸಿಕೊಂಡು ಹೋಗುತ್ತಿದ್ದ ವ್ಯಾನಿನ ಕಡೆ ಕೈಯೆತ್ತಿ, "ಮೂರು ಜನ ಸತ್ತಿದಾರೆ ಕಣ್ರೋ!" ಎಂದು ಕೂಗಿದ.

"ಇರಲಿ ಬಿಡಪ್ಪ" ಎಂದರು ಎನಿಡ್. "ಇವರಿಬ್ಬರಾದ್ರೂ ಚೆನ್ನಾಗಿದಾರಲ್ಲ."