ಎಲೂತೇರಿಯೊ ತೋರಿಸಿದ ದಾರಿ

ಎಲ್ಲಾ ಶುರುವಾದದ್ದು ಒಂದು ಪತ್ರದಿಂದ. ರಾಜಧಾನಿಯ ಪತ್ರಿಕೆಗೆ ಊರೂರು ಸುತ್ತಿ ಬರೆಯುವ ಆರ್. ಬುಸ್ತಮಾಂತೆ ಎಂಬುವರು ಶನಿವಾರ ಬಂದರು ಪಟ್ಟಣ ವೆರಾಕ್ರೂಸ್‌ಗೆ ಬಂದು ಎಲೂತೇರಿಯೊನ ವಸತಿಗೃಹದಲ್ಲೇ ಇಳಿಯುತ್ತಾರಂತೆ. ಎಲೂತೇರಿಯೊ ಮನಸ್ಸಿನಲ್ಲೇ ಅವರಿಗೆ ಹೊಟ್ಟೆ, ಮೀಸೆ, ಕಾರು ಎಲ್ಲ ಕೊಟ್ಟುಬಿಟ್ಟ. ಅವನ ಆರು ಕೋಣೆಗಳಲ್ಲಿ ಎರಡು ತಿಂಗಳಿಂದ ಮಲಗಿದ್ದು ಬೆಕ್ಕು ಮಾತ್ರ. ಈ ಸಲವೂ ಜನ ಬರದಿದ್ದರೆ ಬಾಗಿಲು ಹಾಕಿ ಅಳಿಯನ ಮನೆ ಸೇರುವುದೇ ಗತಿ. ಆ ಅಳಿಯನೋ, ಬಾಯಿ ಬಿಟ್ಟರೆ ಬುದ್ಧಿವಾದ!

"ಗೋಡೆ ನೋಡಯ್ಯಾ, ಕಜ್ಜಿನಾಯಿ ಇದ್ದ ಹಾಗಿದೆ. ಬಣ್ಣ ಹೊಡಿ," ಎಂದ ಎದುರಂಗಡಿಯ ಕ್ಷೌರಿಕ ನಿಕಾನೋರ್, ಯಾರೂ ಕೇಳದಿದ್ದರೂ.

ಶನಿವಾರ ಬೆಳಗ್ಗೆಯೇ ಎಲೂತೇರಿಯೊ ವಸತಿಗೃಹದ ಬೋರ್ಡು ಕಳಚಿಟ್ಟು ಏಣಿ ಹತ್ತಿದ. ಮಧ್ಯಾಹ್ನಕ್ಕೆ ಗೋಡೆ, ಬಾಲ್ಕನಿ ಎಲ್ಲ ನಿಂಬೆಹಣ್ಣಿನಂತೆ ಹೊಳೆದವು. ಆಗ ಬಂತು ನೋಡಿ ಸಮುದ್ರದಿಂದ, ಹಾಳು ಉತ್ತರದ ಗಾಳಿ! ಡಬ್ಬ ಮಗುಚಿ ಉಳಿದ ಬಣ್ಣವೆಲ್ಲ ಅವನ ತಲೆ ಮೇಲೆ. ಕನ್ನಡಕ ಕೆಳಗೆ ಬಿದ್ದು ಚೂರುಚೂರು.

ಅಷ್ಟರಲ್ಲಿ ಚಪ್ಪಲಿ ಎಳೆಯುತ್ತಾ, ಹೆಗಲಿಗೆ ಚೀಲ ಹಾಕಿಕೊಂಡು ಒಬ್ಬ ಹುಡುಗಿ ಬಂದಳು.

"ಯಜಮಾನ್ರೇ, ಈ ಮನೆ ಎಲ್ಲಿ ಬರುತ್ತೆ? ಹೆಸರು, ವಿಳಾಸ ಬರ್ಕೊಂಡಿದ್ದ ಚೀಟೀನ ಗಾಳಿ ಹೊತ್ಕೊಂಡು ಹೋಯ್ತು. ಈ ಫೋಟೋ ಒಂದೇ ಉಳಿದಿರೋದು."

ಎಲೂತೇರಿಯೊ ಫೋಟೋವನ್ನು ಮೂಗಿಗೆ ತಾಗಿಸಿಕೊಂಡು ನೋಡಿದ. ಬರೀ ಮಂಜು. ಆದರೆ ನಮ್ಮೂರಲ್ಲಿ ದಾರಿ ಕೇಳಿದವರಿಗೆ 'ಗೊತ್ತಿಲ್ಲ' ಎನ್ನುವುದೂ ಒಂದೇ, ಬಾಯಾರಿ ಬಂದವರಿಗೆ ನೀರು ಕೊಡದೆ ಕಳಿಸುವುದೂ ಒಂದೇ. ಹೆತ್ತ ತಾಯಿ ತಲೆ ತಗ್ಗಿಸಬೇಕಾಗುತ್ತದೆ.

"ಓಹೋ, ಇದಾ! ನೇರ ಹೋಗಮ್ಮ, ಮೀನು ಮಾರ್ಕೆಟ್ ಹಿಂದೆ ಎಡಕ್ಕೆ ತಿರುಗು. ಕಣ್ಮುಚ್ಕೊಂಡು ಹೋದ್ರೂ ಸಿಗುತ್ತೆ."

"ಎಡಕ್ಕಲ್ಲ, ಬಲಕ್ಕೆ!" ಎಂದು ಅಂಗಡಿಯೊಳಗಿಂದಲೇ ಕೂಗಿದ ನಿಕಾನೋರ್. ಅವನಂತೂ ಫೋಟೋ ನೋಡಿಯೇ ಇರಲಿಲ್ಲ.

ಹುಡುಗಿ ಇಬ್ಬರಿಗೂ ಕೈಮುಗಿದು ಹೋದಳು. ಎಲೂತೇರಿಯೊ ಮೈ ಉಜ್ಜಿ ತೊಳೆದು, ಕೋಟು ತೊಟ್ಟು, ದೊಡ್ಡ ಕಾರಿಗಾಗಿ ಸಂಜೆಯವರೆಗೂ ಕಾದ. ಯಾವ ಕಾರೂ ಬರಲಿಲ್ಲ.

ಮುಂದಿನ ಭಾನುವಾರ ನಿಕಾನೋರ್ ಪತ್ರಿಕೆ ಹಿಡಿದು ಓಡಿಬಂದ. ಮೇಲ್ಗಡೆ ಫೋಟೋ: ಎಲೂತೇರಿಯೊನದೇ ತುಕ್ಕು ಹಿಡಿದ ಬಾಲ್ಕನಿ, ಅವನದೇ ಹಳೆಯ ಕಜ್ಜಿ ಗೋಡೆ. ಕೆಳಗೆ ಹೀಗಿತ್ತು: 'ಗೆಳತಿ ಕೊಟ್ಟ ಈ ಚಿತ್ರಕ್ಕೆ ಮನಸೋತು ಬಂದೆ. ಮನೆ ಸಿಗಲಿಲ್ಲ, ಕೆಡವಿಬಿಟ್ಟಿರಬೇಕು. ಆದರೆ ಅಡಿಯಿಂದ ಮುಡಿಯವರೆಗೆ ಹಳದಿ ಬಣ್ಣ ಮೆತ್ತಿಕೊಂಡಿದ್ದ ಪುಣ್ಯಾತ್ಮರೊಬ್ಬರು ತೋರಿಸಿದ ದಾರಿಯಲ್ಲಿ ಕಸಿಮೀರಾ ಅವರ ವಸತಿಗೃಹ ಸಿಕ್ಕಿತು. ಉದುರುವ ಗಾರೆ, ಕಿರುಗುಟ್ಟುವ ಫ್ಯಾನು, ಮೀನಿನ ವಾಸನೆ. ಈ ಬಂದರಿನ ಜೀವವೇ ಅಲ್ಲಿದೆ. ರೋಸಾಲ್ಬಾ ಬುಸ್ತಮಾಂತೆ.'

"ಅಯ್ಯೋ, ನನ್ನ ಬಾಯಿಗೆ ಬೆಂಕಿ ಬೀಳ!" ಎಲೂತೇರಿಯೊ ತಲೆ ಮೇಲೆ ಕೈಹೊತ್ತು ಕೂತ.

"ನನ್ನ ಮಾತು ಕೇಳಿ ಬಲಕ್ಕೆ ಹೋಗಿದ್ರೆ ಈ ಗತಿ ಬರ್ತಿತ್ತಾ? ಸೀದಾ ಸಮುದ್ರಕ್ಕೆ ಬೀಳ್ತಿದ್ಲು," ಎಂದ ನಿಕಾನೋರ್.

ಆಗಲೇ ಹಳದಿ ಗೋಡೆಯ ಮುಂದೆ ಟ್ಯಾಕ್ಸಿಯೊಂದು ನಿಂತಿತು. ಗಂಡ, ಹೆಂಡತಿ, ನಾಲ್ಕು ಸೂಟ್‌ಕೇಸು ಇಳಿಸಿ ಹೊರಟುಹೋಯಿತು! ಎಲೂತೇರಿಯೊ ಓಡಿಹೋಗಿ ಒಂದಕ್ಕೆ ಕೈಹಾಕಿಯೇಬಿಟ್ಟ.

"ಇರ್ಲಿ ಯಜಮಾನ್ರೇ," ಎಂದು ಗಂಡ ಪತ್ರಿಕೆ ಬಿಚ್ಚಿದ. "ಈ ಕಸಿಮೀರಾ ಅನ್ನೋರ ವಸತಿಗೃಹ ಎಲ್ಲಿ?"

'ಗೊತ್ತಿಲ್ಲ' ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು. ಸತ್ತ ತಾಯಿಯ ಮುಖ ನೆನಪಾಗಿ ಹಾಗೇ ಹಿಂದೆ ಹೋಯಿತು.

"ನೇರ ಹೋಗಿ," ಎಂದ ಅಳುದನಿಯಲ್ಲಿ. "ಮೀನು ಮಾರ್ಕೆಟ್ ಹಿಂದೆ ಎಡಕ್ಕೆ. ಆ ಸೂಟ್‌ಕೇಸ್ ಕೊಡಿ, ಭಾರ ಇದೆ, ಅಲ್ಲೀವರೆಗೂ ನಾನೇ ತಂದ್ಕೊಡ್ತೀನಿ."