ಗೂಢಚಾರನ ಕೈಗೆ ಸೌಟು ಕೊಟ್ಟು ನೋಡಿ

ಟೀವಿಯವರು ಗೂಢಚಾರರ ಧಾರಾವಾಹಿ ಮಾಡುವುದನ್ನು ಬಿಡುವುದಿಲ್ಲ, ನನ್ನ ಹೆಂಡತಿ ಅದನ್ನು ನೋಡುವುದನ್ನು ಬಿಡುವುದಿಲ್ಲ, ನನಗೆ ಮಂಡೆಬಿಸಿ ತಪ್ಪುವುದಿಲ್ಲ. ನಾನು ದುಬೈಯ ಒಂದು ಹೋಟೆಲಿನಲ್ಲಿ ಅಡಿಗೆಯವನು. ಊರು ಉಡುಪಿ ಕಡೆ, ಮನೆಮಾತು ತುಳು, ಕೆಲಸ ಮಾತ್ರ ಕೋಷರ್ ಅಡಿಗೆಮನೆಯಲ್ಲಿ, ಅಂದರೆ ಯಹೂದಿಗಳಿಗೆ ಅವರ ಧರ್ಮದ ನಿಯಮದ ಪ್ರಕಾರ ಊಟ ತಯಾರಿಸುವ ಜಾಗದಲ್ಲಿ. ಹಾಗಾಗಿ ಯಾವನೋ ಒಬ್ಬ ನಟ ಟೊಪ್ಪಿ ಇಟ್ಟು, ಗಡ್ಡ ಅಂಟಿಸಿಕೊಂಡು ಯಹೂದಿಗಳ ನಡುವೆ ಸೇರಿಬಿಟ್ಟ, ಅವರಿಗೆ ಗೊತ್ತೇ ಆಗಲಿಲ್ಲ ಎಂದು ತೋರಿಸಿದರೆ ನನ್ನ ಮೈ ಉರಿಯುತ್ತದೆ. ಗೊತ್ತಾಗದೆ ಎಂತ ಮಾರಾಯ್ರೆ? ಅಡಿಗೆಮನೆಗೆ ಬಂದರೆ ಎರಡು ನಿಮಿಷ ಸಾಕು.

೧. ನಾನು ಒಳಗೆ ಸೇರಿದ್ದು

ನನಗೇ ಅಲ್ಲಿ ಒಳಗೆ ಹೋಗಲಿಕ್ಕೆ ಪರೀಕ್ಷೆ ಇತ್ತು. ಕೋಷರ್ ಅಡಿಗೆಮನೆಯಲ್ಲಿ ನಿಯಮ ನೋಡಿಕೊಳ್ಳಲಿಕ್ಕೆಂದೇ ಒಬ್ಬ ಯಹೂದಿ ಹಿರಿಯರು ಇರುತ್ತಾರೆ. ಬೀಗದ ಕೈ ಅವರ ಹತ್ತಿರ. ಒಲೆ ಹೊತ್ತಿಸುವುದೂ ಅವರೇ. ಅವರು ಬಂದು ಬೆಂಕಿ ಹಚ್ಚದೆ ನಾವು ಒಂದು ಮೊಟ್ಟೆಯನ್ನೂ ಬೇಯಿಸುವ ಹಾಗಿಲ್ಲ. ಅವರನ್ನು ನಾನು ಮನೆಯಲ್ಲಿ ‘ದೊಡ್ಡವರು’ ಎಂದೇ ಹೇಳುವುದು.

ನನ್ನ ಜೊತೆ ಇಬ್ಬರು ಬಂದಿದ್ದರು, ಫೈಲು ತುಂಬ ಸರ್ಟಿಫಿಕೇಟು ಇದ್ದವರು. ನನ್ನ ಹತ್ತಿರ ಇದ್ದದ್ದು ಊರಲ್ಲಿ ಮದುವೆ ಅಡಿಗೆ ಮಾಡುತ್ತಿದ್ದ ಸೋದರಮಾವ ಕಲಿಸಿದ್ದು ಅಷ್ಟೆ. ಸೂಪು ಕುದಿಯಿತು. ದೊಡ್ಡವರು "ಉಪ್ಪು ನೋಡಿ" ಎಂದರು. ಅವರಿಬ್ಬರೂ ಸೌಟನ್ನೇ ಬಾಯಿಗಿಟ್ಟರು. ನಾನು ಸೌಟಿನಿಂದ ಎರಡು ಹನಿ ಅಂಗೈಗೆ ಬಿಟ್ಟುಕೊಂಡು ರುಚಿ ನೋಡಿ, ಕೈ ತೊಳೆದು ಬಂದೆ.

"ನೀನು ಯಾಕೆ ಸೌಟನ್ನು ಬಾಯಿಗಿಡಲಿಲ್ಲ?"

"ಎಂಜಲು ಆಗ್ತದೆ ಸಾರ್."

"ಅದೆಂತದು ಎಂಜಲು?"

ನನಗೆ ಬರುವ ಇಂಗ್ಲಿಷಿನಲ್ಲಿ ವಿವರಿಸಿದೆ. ಬಾಯಿಗೆ ತಾಗಿದ್ದು ಪಾತ್ರೆಗೆ ತಾಗಬಾರದು. ತಾಗಿದರೆ ಆ ಅಡಿಗೆ ಖಲಾಸ್, ದೇವರಿಗೂ ಇಲ್ಲ, ನೆಂಟರಿಗೂ ಇಲ್ಲ. "ಕಣ್ಣಿಗೆ ಕಾಣುತ್ತದಾ?" ಎಂದು ಕೇಳಿದರು. ಇಲ್ಲ ಸಾರ್. "ಮತ್ತೆ ಯಾರಿಗೆ ಗೊತ್ತಾಗುತ್ತದೆ?" ನನಗೆ ಗೊತ್ತುಂಟಲ್ಲ ಸಾರ್, ಎಂದೆ. ಅವರು ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ಆ ಶಬ್ದವನ್ನು ಬರೆದುಕೊಂಡರು. ಕೆಲಸ ನನಗೆ ಸಿಕ್ಕಿತು.

ಆಮೇಲೆ ಮೂರು ತಿಂಗಳು ಯಾರ ಕೈ ಎಲ್ಲಿ ತಾಗಿದರೂ ಅವರು ನನ್ನ ಕಡೆ ತಿರುಗಿ "ಎಂಜಲು?" ಎಂದು ಕೇಳುವುದು. ಗೋಡೆಗೆ ಒರಗಿ ನಿಂತ ತರಕಾರಿ ಡೆಲಿವರಿಯವನನ್ನೂ ಬಿಡಲಿಲ್ಲ.

೨. ಅತ್ತೆಗೆ ಎಂತ ಆಗಿತ್ತು?

ನಮ್ಮ ಮನೆ ಡಿಸ್ಕವರಿ ಗಾರ್ಡನ್ಸ್ ಎಂಬ ಬಡಾವಣೆಯಲ್ಲಿ. ರಜೆಯ ದಿನ ಮಧ್ಯಾಹ್ನ ಹೆಂಡತಿ ಒಂದು ಧಾರಾವಾಹಿ ಹಾಕಿದ್ದಳು. ಅದರಲ್ಲಿ ಒಬ್ಬ ಗೂಢಚಾರ ಯಹೂದಿ ಮನೆತನಕ್ಕೆ ಅಳಿಯನಾಗಿ ಸೇರಿಕೊಳ್ಳುತ್ತಾನೆ. ಅದಕ್ಕೆ ಎರಡು ವರ್ಷ ತಯಾರಿಯಂತೆ. ಭಾಷೆ ಕಲಿತ, ಪ್ರಾರ್ಥನೆ ಕಲಿತ, ನಡೆಯುವ ಶೈಲಿ ಕಲಿತ. ಸರಿ, ಶ್ರಮಜೀವಿ ಎಂದು ನಾನೂ ಕೂತು ನೋಡಿದೆ.

ಮದುವೆಯ ಊಟ ಬಂತು. ಅಳಿಯ ಚೆನ್ನಾಗಿ ಕುರಿಮಾಂಸ ತಿಂದ. ಬಾಯಿ ಒರೆಸಿಕೊಂಡ. ಮತ್ತೆ ಹೇಳುತ್ತಾನೆ, "ಒಂದು ಹಾಲು ಹಾಕಿದ ಕಾಫಿ ಸಿಗಬಹುದಾ?"

ನಾನು ಸೋಫಾದಿಂದ ಎದ್ದು ನಿಂತೆ. "ಸಿಕ್ಕಿಬಿದ್ದ! ಹಿಡೀರಿ ಅವನನ್ನು!"

ಮಾಂಸ ಮತ್ತು ಹಾಲು ಅವರಲ್ಲಿ ಸೇರುವ ಹಾಗೇ ಇಲ್ಲ. ನಮ್ಮ ಹೋಟೆಲಿನ ಅಡಿಗೆಮನೆಯಲ್ಲಿ ಎರಡಕ್ಕೂ ಬೇರೆ ಪಾತ್ರೆ, ಬೇರೆ ಸಿಂಕು, ಬೇರೆ ಚೂರಿ. ಮಾಂಸದ್ದಕ್ಕೆ ಕೆಂಪು ಹಿಡಿ, ಹಾಲಿನದ್ದಕ್ಕೆ ನೀಲಿ ಹಿಡಿ. ಮಾಂಸ ತಿಂದು ಗಂಟೆಗಟ್ಟಲೆ ಹಾಲು ಮುಟ್ಟುವುದಿಲ್ಲ. ಅಲ್ಲಿನ ಐದು ವರ್ಷದ ಮಗುವಿಗೂ ಇದು ಗೊತ್ತು, ಎರಡು ವರ್ಷ ತಯಾರಾದ ಈ ಗೂಢಚಾರನಿಗೆ ಗೊತ್ತಿಲ್ಲ!

ಮಗಳು ಫೋನಿನಿಂದ ತಲೆಯೆತ್ತದೆ, "ಪಪ್ಪಾ, ಇಟ್ಸ್ ಜಸ್ಟ್ ಎ ಶೋ" ಎಂದಳು.

"ಎಂತ ಜಸ್ಟು? ಒಂದು ಜನಾಂಗದ ಅಡಿಗೆಮನೆ ತೋರಿಸುವಾಗ ಒಬ್ಬ ಅಡಿಗೆಯವನನ್ನು ಕೇಳಲಿಕ್ಕೆ ಇವರಿಗೆ ಎಂತ ದಾಡಿ?"

ಅಷ್ಟರಲ್ಲಿ ಟೀವಿಯಲ್ಲಿ ಅತ್ತೆ ನಗುನಗುತ್ತಾ ಬಂದು ಅಳಿಯನ ಕಪ್ಪಿಗೆ ಕೆನೆಹಾಲು ಹೊಯ್ದಳು. ಗೂಢಚಾರನಾದರೂ ಮರೆತ ಎನ್ನುವ. ಆ ಅತ್ತೆಯನ್ನು ಯಾವ ದೇಶದವರು ಕಳಿಸಿದ್ದು?

೩. ಶುಕ್ರವಾರದ ಬಲ್ಬು

ಇನ್ನೊಂದು ಧಾರಾವಾಹಿಯಲ್ಲಿ ಶುಕ್ರವಾರ ಸಂಜೆ ಕತ್ತಲಾದ ಮೇಲೆ ಮನೆಯ ಹಿರಿಯ ಕೆಲಸದವನಿಗೆ, "ಯಲ್ಲಾ, ಲೈಟ್ ಹಾಕು" ಎನ್ನುತ್ತಾನೆ. ನನಗೆ ಪುನಃ ಸಿಟ್ಟು ಬಂತು, ಏಕೆಂದರೆ ಈ ಪಾಠ ನಾನು ಮರ್ಯಾದೆ ಕಳೆದುಕೊಂಡು ಕಲಿತದ್ದು.

ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಅವರು ಬೆಂಕಿ, ಲೈಟು, ಸ್ವಿಚ್ಚು ಯಾವುದನ್ನೂ ಮುಟ್ಟುವುದಿಲ್ಲ. ಮುಟ್ಟು ಎಂದು ಇನ್ನೊಬ್ಬನಿಗೂ ಹೇಳುವುದಿಲ್ಲ. ಹೊಸತರಲ್ಲಿ ಒಂದು ಶುಕ್ರವಾರ ಊಟ ಬಡಿಸಿ ಬರುವಾಗ ಒಬ್ಬರು ಅತಿಥಿ ರೂಮಿನ ಬಾಗಿಲಲ್ಲಿ ನಿಂತಿದ್ದರು. "ಒಳಗೆ ತುಂಬ ಬೆಳಕುಂಟು" ಎಂದರು.

"ಹೌದು ಸಾರ್, ಒಳ್ಳೆ ಬಲ್ಬು" ಎಂದೆ.

ಅವರು ಒಂದು ಸಲ ಬಲ್ಬನ್ನು, ಒಂದು ಸಲ ನನ್ನನ್ನು ನೋಡಿದರು. "ಇಷ್ಟು ಬೆಳಕಲ್ಲಿ ಮನುಷ್ಯನಿಗೆ ನಿದ್ರೆ ಬರುವುದು ಕಷ್ಟ."

"ಇಲ್ಲಿ ಹೊಸತರಲ್ಲಿ ಹಾಗೇ ಸಾರ್, ಎರಡು ದಿನದಲ್ಲಿ ಅಭ್ಯಾಸ ಆಗ್ತದೆ" ಎಂದು ಧೈರ್ಯ ಹೇಳಿ ಬಂದೆ.

ಪಾಪ, ಆ ಮನುಷ್ಯ ತಲೆಗೆ ಟವೆಲು ಸುತ್ತಿಕೊಂಡು ಮಲಗಿದರಂತೆ. ಭಾನುವಾರ ದೊಡ್ಡವರು ನನ್ನನ್ನು ಕರೆದು ಕೂರಿಸಿದರು. ಶುಕ್ರವಾರ ರಾತ್ರಿ ಅತಿಥಿಗಳು ಲೈಟು ಆರಿಸು ಎಂದು ಬಾಯಿಬಿಟ್ಟು ಕೇಳುವುದಿಲ್ಲ, ಏನು ಬೇಕು ಎಂದು ನೀನೇ ತಿಳಿದುಕೊಳ್ಳಬೇಕು, ಎಂದರು.

"ಅಷ್ಟೆಯಾ ಸಾರ್? ಮೊದಲೇ ಹೇಳಬೇಕಿತ್ತು. ನಮ್ಮ ಮನೆಯವಳು ವಾರದ ಏಳು ದಿನವೂ ಹಾಗೇ" ಎಂದೆ.

೪. ನಾನು ಸಲಹೆಗಾರನಾದದ್ದು

ಹೀಗೆ ಬೈದುಕೊಂಡು ಇದ್ದವನ ಹತ್ತಿರವೇ ಒಂದು ದಿನ ಟೀವಿಯವರು ಬಂದರು. ದುಬೈಯಲ್ಲೇ ಚಿತ್ರೀಕರಣ, ಯಹೂದಿಗಳ ನಡುವೆ ನುಸುಳುವ ಗೂಢಚಾರನದ್ದೇ ಕಥೆ. ಎಲ್ಲವೂ ಅಸಲಿ ಇರಬೇಕು, ಅದಕ್ಕೆ ಎರಡು ದಿನ ಸಲಹೆಗಾರನಾಗಿ ಬರಬೇಕು, ಕೊನೆಗೆ ಪರದೆಯ ಮೇಲೆ ಹೆಸರು ಹಾಕುತ್ತೇವೆ, ಎಂದರು. ನನಗೆ ಎದೆ ಉಬ್ಬಿತು. ಊರಿಗೆ ಫೋನು ಮಾಡಿ ಅಮ್ಮನಿಗೆ ಹೇಳಿಯಾಯಿತು.

ಆದರೆ ರಜೆ ಕೊಡಬೇಕಾದವರು ದೊಡ್ಡವರು. ಆ ಹೊತ್ತಿಗೆ ಅಬುಧಾಬಿಯಲ್ಲಿ ನಮ್ಮ ಹೋಟೆಲಿನ ಹೊಸ ಕೋಷರ್ ಅಡಿಗೆಮನೆ ಕಟ್ಟುತ್ತಿದ್ದರು. ಅಲ್ಲಿ ಮುಖ್ಯ ಅಡಿಗೆಯವನು ಯಾರು ಎಂದು ದೊಡ್ಡವರೇ ತೀರ್ಮಾನಿಸಬೇಕು. ಐದು ವರ್ಷದಿಂದ ನಾನು ಕಣ್ಣಿಟ್ಟದ್ದು ಮುಖ್ಯ ಅಡಿಗೆಯವನ ಕೆಲಸದ ಮೇಲೆ, ಅದು ಅವರಿಗೂ ಗೊತ್ತಿತ್ತು.

"ನಿನ್ನ ಹೆಸರು ಬರುತ್ತದಾ?" ಎಂದು ಕೇಳಿದರು.

"ಬರ್ತದೆ ಸಾರ್."

"ಹಾಗಾದರೆ ಅದರಲ್ಲಿ ಒಂದು ತಪ್ಪೂ ಇರಬಾರದು. ನಾನಿಲ್ಲದ ಜಾಗದಲ್ಲಿ ನೀನು ಹೇಗಿರುತ್ತೀ ಎಂದು ಅದರಿಂದ ನೋಡುತ್ತೇನೆ. ಅಬುಧಾಬಿಯ ಮಾತು ಆಮೇಲೆ."

ಒಂದೇ ಒಂದು ತಪ್ಪು ಕಂಡರೆ ನನ್ನನ್ನು ಅಬುಧಾಬಿಗೆ ಕಳಿಸಬೇಡಿ, ಎಂದು ನಾನೇ ಬಾಯಿಬಿಟ್ಟು ಹೇಳಿದೆ.

ಮಿರ್ದಿಫ್‌ನ ಒಂದು ವಿಲ್ಲಾದಲ್ಲಿ ಚಿತ್ರೀಕರಣ. ಹೋಗಿ ನೋಡಿದರೆ ಕೆಂಪು ಹಿಡಿ, ನೀಲಿ ಹಿಡಿ ಚೂರಿಗಳನ್ನೆಲ್ಲ ಒಂದೇ ಡಬ್ಬದಲ್ಲಿ ತುಂಬಿಸಿಟ್ಟಿದ್ದಾರೆ. "ಕಲರ್ ಚೆನ್ನಾಗಿ ಕಾಣುತ್ತದೆ ಬಾಸ್" ಎಂದ ನಿರ್ದೇಶಕ. ನಾನು ಡಬ್ಬವನ್ನು ನೆಲಕ್ಕೆ ಸುರಿದೆ. ಶುಕ್ರವಾರ ಸಂಜೆ ಯಹೂದಿ ಮನೆಗಳಲ್ಲಿ ಹಚ್ಚುವ ಮೇಣದಬತ್ತಿಯನ್ನು ಕಿಟಕಿಯಲ್ಲಿ ನಕ್ಷತ್ರ ಕಾಣುವಾಗ ಹಚ್ಚಿಸಲಿಕ್ಕೆ ಹೊರಟರು. ಸೂರ್ಯ ಮುಳುಗುವ ಮೊದಲೇ ಹಚ್ಚಬೇಕು ಎಂದು ನಾನು ಬತ್ತಿಗಳನ್ನು ಕಿಸೆಗೆ ಹಾಕಿಕೊಂಡು ಕೂತೆ. "ಭಾವನೆ ಮುಖ್ಯ ಬಾಸ್" ಎಂದ. "ಭಾವನೆ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ಇದು ಅವರ ಮನೆ" ಎಂದೆ. ಊಟದ ನಂತರದ ಕಾಫಿಯಿಂದ ಹಾಲು ತೆಗೆಸಿದೆ. ಎರಡು ದಿನದಲ್ಲಿ ಆ ಮನುಷ್ಯನ ಜೀವ ಹಿಂಡಿ ಎಲ್ಲವನ್ನೂ ಸರಿ ಮಾಡಿಸಿದೆ.

ಕೊನೆಯ ದಿನ ಹೊರಡುವ ಹೊತ್ತಿಗೆ, ಭಾರತೀಯ ಅಡಿಗೆಯವನ ಪಾತ್ರ ಮಾಡಬೇಕಾದವನು ಜ್ವರ ಎಂದು ಬರಲಿಲ್ಲ. ನನಗೇ ಏಪ್ರನ್ ಕಟ್ಟಿದರು. ಹತ್ತು ಸೆಕೆಂಡಿನ ಕೆಲಸ, ಸಾರಿನ ರುಚಿ ನೋಡಿ "ಆಹಾ" ಎನ್ನಬೇಕು. ಎರಡು ಸಲ ತೆಗೆದರು. "ಕೈ ಮುಖಕ್ಕೆ ಅಡ್ಡ ಬರುತ್ತಿದೆ ಬಾಸ್" ಎಂದ ನಿರ್ದೇಶಕ. ಮೂರನೇ ಸಲ ಅವನು ಹೇಳಿದ ಹಾಗೆ ಮಾಡಿದೆ, ಓಕೆ ಆಯಿತು. ಅದುವರೆಗೆ ನನ್ನನ್ನು ಕಂಡರಾಗದ ಮನುಷ್ಯ, "ನೀವು ಹುಟ್ಟು ನಟ" ಎಂದು ಬೆನ್ನು ತಟ್ಟಿದ.

೫. ಸಿಕ್ಕಿಬಿದ್ದವನು

ಧಾರಾವಾಹಿ ಬಂತು. ಟೀವಿಯೇ ನೋಡದ ದೊಡ್ಡವರು ಭಾನುವಾರ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ತಮ್ಮ ಸಣ್ಣ ಪುಸ್ತಕ ಹಿಡಿದು ಕೂತರು. ನಾನು ಪಕ್ಕದಲ್ಲಿ.

ಚೂರಿಗಳು ಬಂದವು. ಕೆಂಪು ಒಂದು ಕಡೆ, ನೀಲಿ ಒಂದು ಕಡೆ. ದೊಡ್ಡವರು ತಲೆಯಾಡಿಸಿದರು. ಮೇಣದಬತ್ತಿ ಬಂತು. ಕಿಟಕಿಯಲ್ಲಿ ಬಿಸಿಲಿತ್ತು. ತಲೆಯಾಡಿಸಿದರು. ಊಟದ ನಂತರ ಕಪ್ಪು ಕಾಫಿ. "ಬಹಳ ಒಳ್ಳೆಯದು" ಎಂದರು. ನಾನು ಮನಸ್ಸಿನಲ್ಲೇ ಅಬುಧಾಬಿಗೆ ಪೆಟ್ಟಿಗೆ ಕಟ್ಟಿದೆ.

ಆಗ ಭಾರತೀಯ ಅಡಿಗೆಯವನು ಬಂದ. ಪರದೆ ತುಂಬ ನನ್ನ ಮುಖ. ಪಾತ್ರೆಯಿಂದ ಸೌಟು ತೆಗೆದ, ಸೌಟನ್ನು ನೇರವಾಗಿ ಬಾಯಿಗಿಟ್ಟು ಸುರ್ ಎಂದು ಹೀರಿದ, "ಆಹಾ" ಎಂದ, ಅದೇ ಸೌಟನ್ನು ಪುನಃ ಪಾತ್ರೆಗೆ ಅದ್ದಿ ಕಲಸಿದ.

ದೊಡ್ಡವರು ಕುರ್ಚಿಯಿಂದ ಎದ್ದು ನಿಂತರು. "ಎಂಜಲು!"

ಹೋಟೆಲಿನ ಎರಡು ಮಹಡಿಗೆ ಕೇಳಿರಬೇಕು. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಊರಿಂದ ಅಮ್ಮ, ಅಲ್ಲಿ ಅವರೂ ಅದನ್ನೇ ನೋಡುತ್ತಿದ್ದರು. "ಮಗಾ, ಆ ಸಾರು ಯಾರಿಗೂ ಬಡಿಸಲಿಲ್ಲ ಅಲ್ಲವಾ?"

"ಸಾರ್, ಅದು ಸಾರಲ್ಲ, ಬಣ್ಣದ ನೀರು. ಕೈ ಮುಖಕ್ಕೆ ಅಡ್ಡ ಬರ್ತದೆ ಎಂದರು…" ಎಂದು ತೊದಲಿದೆ. ಕೊನೆಗೆ ನನ್ನ ಬಾಯಿಂದ ಬರಬಾರದ ಮಾತೇ ಬಂತು: "ಸಾರ್, ಇಟ್ಸ್ ಜಸ್ಟ್ ಎ ಶೋ."

ಅವರು ಪುಸ್ತಕ ಮುಚ್ಚಿ ಹೊರಟು ಹೋದರು. ಮೂರು ದಿನ ಒಲೆ ಹಚ್ಚಿ ಕೊಡುವುದು, ಹೋಗುವುದು, ಅಷ್ಟೆ. ಅಬುಧಾಬಿ ಹೋಯಿತು ಎಂದು ಹೆಂಡತಿಗೆ ಹೇಳಿದೆ. ಇಷ್ಟು ವರ್ಷ ಎಲ್ಲರ ತಪ್ಪು ಹೆಕ್ಕಿದ್ದಕ್ಕೆ ಸರಿಯಾಗಿ ಆಯಿತು, ಎಂದಳು. ನನಗೆ ನಿಜವಾಗಿ ನಾಚಿಕೆಯಾಗಿತ್ತು. ಅವರ ಹಾಲಿಗಾಗಿ ಜಗಳ ಮಾಡಿದವನು ನನ್ನ ಸೌಟನ್ನು ಒಂದು ಮಾತಿಗೆ ಬಿಟ್ಟುಕೊಟ್ಟಿದ್ದೆ.

ನಾಲ್ಕನೇ ದಿನ ಸೂಪು ಕುದಿಯುವಾಗ ದೊಡ್ಡವರು ಬಂದು ನಿಂತರು. "ಉಪ್ಪು ನೋಡು" ಎಂದರು. ಸೌಟಿನಿಂದ ಎರಡು ಹನಿ ಅಂಗೈಗೆ ಬಿಟ್ಟುಕೊಂಡೆ, ರುಚಿ ನೋಡಿದೆ, ಕೈ ತೊಳೆದು ಬಂದೆ. ಅವರು ಕಿಸೆಯಿಂದ ಒಂದು ಕಾಗದ ತೆಗೆದು ಸಹಿ ಮಾಡಿ, ಅಬುಧಾಬಿಯ ಬೀಗದ ಕೈಯನ್ನು ಒಂದು ಕ್ಷಣ ನನಗೆ ತೋರಿಸಿ, ಅಲ್ಲಿಯೂ ಅದು ತಮ್ಮ ಹತ್ತಿರವೇ ಎಂಬ ಹಾಗೆ ಪುನಃ ತಮ್ಮ ಕಿಸೆಗೇ ಹಾಕಿಕೊಂಡರು.

"ಈ ಮನುಷ್ಯ ನನಗೆ ಐದು ವರ್ಷದಿಂದ ಗೊತ್ತು, ಅಬುಧಾಬಿಗೆ ಇವನೇ ಬರಲಿ" ಎಂದು ಆ ಕಾಗದವನ್ನು ಓದಿ, ನನ್ನ ಕಡೆ ತಿರುಗಿದರು. "ಟೀವಿಯಲ್ಲಿ ನಿನ್ನ ಮುಖ ಹಾಕಿಕೊಂಡು ನುಸುಳಿದನಲ್ಲ, ಅವನು ಗೂಢಚಾರ. ಅಲ್ಲಿಗೂ ಬಂದಾನು. ಬಂದರೆ ಮೊದಲು ಕೈಗೆ ಸೌಟು ಕೊಟ್ಟು ನೋಡು."