ಅಮ್ಮನ ಮಂಚಕ್ಕೆ ಒಂದು ಅರ್ಜಿ

ಬಂದವರಿಗೆ ಕೂರಲು ಒಂದು ಕುರ್ಚಿಯಾದರೂ ಬೇಡವೇ ಎಂದು ಹೆಂಡತಿ ಕೇಳಿದ್ದೇ ತಪ್ಪಾಯಿತು. ಅವಳು ಕೇಳದಿದ್ದರೆ ಬೀಗ ರಿಪೇರಿಯವನು ಬೆಳಿಗ್ಗೆ ಏಳಕ್ಕೆ ಪಕ್ಕದ ಮನೆಯ ಬಾಗಿಲು ತಟ್ಟುತ್ತಿರಲಿಲ್ಲ. ತಟ್ಟದಿದ್ದರೆ ಮುಂದಿನ ರಾಮಾಯಣವೇ ಇರುತ್ತಿರಲಿಲ್ಲ.

ಸಂಗತಿ ಇಷ್ಟೇ. ಅವನ ತಾಯಿಗೆ ಮಂಡಿನೋವು. ನೆಲದ ಮೇಲೆ ಮಲಗಿದರೆ ತಾನಾಗಿ ಏಳಲಾರಳು. ದಿನಾ ಬೆಳಿಗ್ಗೆ ಮಗ ಒಂದು ರಟ್ಟೆ, ಸೊಸೆ ಒಂದು ರಟ್ಟೆ ಹಿಡಿದು ಎತ್ತಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ದೊಡ್ಡವರೇನೋ ಹೇಳಿಬಿಟ್ಟರು. ಕಾಲು ಮಡಚಲೇ ಬಾರದವಳಿಗೆ ಆ ಬುದ್ಧಿಮಾತಿನಿಂದ ಏನು ಬಂತು? ಬಡ ಕುಟುಂಬಗಳಿಗೆ ನೆರವಾಗುವ ಸಂಘವೊಂದು ಹಾಸಿಗೆ ಸಮೇತ ಕಬ್ಬಿಣದ ಮಂಚ ಪುಕ್ಕಟೆ ಕೊಡುತ್ತದೆಂದು ಕೇಳಿ, ಅವನು ಅರ್ಜಿ ಹಾಕಿ ನಾಲ್ಕು ತಿಂಗಳಾಗಿತ್ತು. ನಿನ್ನೆಯಷ್ಟೇ ಉತ್ತರ ಬಂದಿತ್ತು. ನಾಳೆ ಮಧ್ಯಾಹ್ನ ಮೂರಕ್ಕೆ ಮನೆ ನೋಡಲು ಬರುತ್ತೇವೆ, ಈ ಬೀದಿಯ ಪಾಲಿಗೆ ಉಳಿದಿರುವುದು ಒಂದೇ ಮಂಚ ಎಂದು ಬರೆದಿದ್ದರು.

“ಅಕ್ಕಾ, ಮಧ್ಯಾಹ್ನಕ್ಕೆ ಒಂದು ಕುರ್ಚಿ ಬೇಕಾಗಿತ್ತು,” ಎಂದ ಬೀಗದವನು.

“ಯಾರು ಬರ್ತಿದಾರೆ?” ಎಂದಳು ಪಕ್ಕದ ಮನೆ ಅಕ್ಕ.

ದಾನ ಕೇಳಿದ್ದೇನೆ ಎನ್ನಲು ಅವನಿಗೆ ನಾಲಿಗೆ ಹೊರಳಲಿಲ್ಲ. “ಯಾರೋ ದೊಡ್ಡೋರು ಅಕ್ಕಾ. ಸುಮ್ನೆ ಮನೆ ನೋಡ್ಕೊಂಡು ಹೋಗೋಕೆ.”

“ದೊಡ್ಡೋರಾ? ನೀನು ಕೆಲಸಕ್ಕೆ ಹೋಗಪ್ಪ. ನಂಗೆ ಬಿಡು.”

ಆಕೆಯ ‘ನಂಗೆ ಬಿಡು’ ಎಂಬ ಮಾತಿಗೆ ಆ ಸಾಲುಮನೆಗಳಲ್ಲಿ ಎಲ್ಲರೂ ಹೆದರುತ್ತಿದ್ದರು. ಹೋದ ವರ್ಷ ಎದುರುಮನೆ ಮೇಷ್ಟ್ರ ನಲ್ಲಿ ತೊಟ್ಟಿಕ್ಕುತ್ತಿದ್ದಾಗಲೂ ಆಕೆ ಹೀಗೇ ಹೇಳಿದ್ದಳು. ಎರಡು ದಿನ ಇಡೀ ಸಾಲಿಗೆ ನೀರಿರಲಿಲ್ಲ. ಬೀಗದವನಿಗೆ ಬೇಡ ಎನ್ನಬೇಕೆನಿಸಿತು. ಆದರೆ ಕೆಲಸಕ್ಕೆ ಹೊತ್ತಾಗಿತ್ತು, ಹೆಂಡತಿ ಆಗಲೇ ಆಸ್ಪತ್ರೆಯ ಕಸ ಗುಡಿಸಲು ಹೊರಟಿದ್ದಳು. ಒಂದು ಕುರ್ಚಿಯಲ್ಲಿ ಏನು ಮಹಾ ಅನಾಹುತವಾದೀತು ಎಂದುಕೊಂಡು ಅವನೂ ಹೊರಟ.

ಅಂದು ಬೇಗ ಬರಬೇಕೆಂದಿದ್ದವನಿಗೆ ಬಟ್ಟೆ ಅಂಗಡಿಯೊಂದರ ತುಕ್ಕು ಹಿಡಿದ ಶಟರ್ ಗಂಟುಬಿತ್ತು. ಅದನ್ನು ತೆಗೆದು ಏದುಸಿರು ಬಿಡುತ್ತಾ ಮನೆ ಮುಟ್ಟುವಾಗ ಮೂರಕ್ಕೆ ಹತ್ತು ನಿಮಿಷ. ಬಾಗಿಲು ದೂಡಿ ಒಳಗೆ ಕಾಲಿಟ್ಟವನು, “ತಪ್ಪಾಯ್ತು, ಕ್ಷಮಿಸಿ,” ಎಂದು ಹಿಂದಕ್ಕೆ ಬಂದು ಸಾಲಿನ ಬಾಗಿಲುಗಳನ್ನು ಎಣಿಸಿದ. ಐದನೆಯದು. ಮನೆ ಅವನದೇ.

ಊರಿಗೆಲ್ಲ ಬೀಗ ಕೂರಿಸುವವನ ಮನೆಗೆ ಬೀಗವಿರಲಿಲ್ಲ. ಕದಿಯಲು ಏನಿದೆ ಎಂಬ ಧೈರ್ಯ ಅವನದು. ಯಾರಾದರೂ ತಂದು ತುಂಬಿಸಿಯಾರು ಎಂದು ಮಾತ್ರ ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಬಾಗಿಲ ಹತ್ತಿರ ಸೋಫಾ, ಅದರ ಪಕ್ಕ ಗುಂಯ್‌ಗುಡುವ ಫ್ರಿಜ್ಜು, ಕಿಟಕಿಗೆ ಹೂವಿನ ಪರದೆ, ಮೇಷ್ಟ್ರ ಪುಸ್ತಕದ ಕಪಾಟು, ಕಪಾಟಿನ ಮೇಲೆ ಟಿವಿ. ಗೋಡೆಗೆ ಒತ್ತಿ ಅಗಲವಾದ ಮರದ ಮಂಚ, ದಪ್ಪ ಹಾಸಿಗೆ. ಅದರ ಮೇಲೆ ಅವನ ತಾಯಿ ಎರಡೂ ಕಾಲು ನೀಡಿಕೊಂಡು ಮಹಾರಾಣಿಯ ಹಾಗೆ ಕೂತಿದ್ದಳು.

“ಅಮ್ಮಾ, ಇಳಿ ಕೆಳಗೆ!”

“ಯಾಕೋ? ಎಷ್ಟು ವರ್ಷ ಆದ್ಮೇಲೆ ಕಾಲಿಗೆ ಸುಖ ಸಿಕ್ಕಿದೆ. ನಾನಂತೂ ಇಳಿಯೋಳಲ್ಲ.”

ಅಡುಗೆಮೂಲೆಯಿಂದ ಅಕ್ಕ ಇಣುಕಿದಳು. “ಹೇಗಿದೆ? ನಮ್ಮನೇನ ಬಳಿದುಕೊಂಡು ಬಂದಿದೀನಿ. ನಾಲ್ಕು ಜನ ದೊಡ್ಡೋರ ಮುಂದೆ ನಮ್ಮ ಸಾಲಿನ ಮರ್ಯಾದೆ ಹೋಗ್ಬಾರ್ದು ನೋಡು. ಟೀ ಕುದೀತಿದೆ, ಬಂದೆ.”

ಬೀಗದವನು ಮಾತು ಬಿಟ್ಟು ಸೋಫಾವನ್ನೇ ಹೊರಗೆ ತಳ್ಳತೊಡಗಿದ. ಹೊರಗಿದ್ದ ಮೇಷ್ಟ್ರು, ಪಾಪ ಒಬ್ಬನೇ ಒದ್ದಾಡುತ್ತಿದ್ದಾನೆ ಎಂದುಕೊಂಡು ಅದನ್ನು ಒಳಕ್ಕೆ ತಳ್ಳಿದರು. ಹೀಗೆ ಇಬ್ಬರೂ ಬೆವರು ಸುರಿಸುತ್ತಿರುವಾಗ ಬೀದಿಯಲ್ಲಿ ಗಾಡಿಯೊಂದು ನಿಂತಿತು. ಅದರ ಬೆನ್ನಿನಲ್ಲಿ ಹೊಸ ಕಬ್ಬಿಣದ ಮಂಚ ಮಿರಮಿರ ಮಿಂಚುತ್ತಿತ್ತು. ಅದನ್ನು ಕಂಡು ಬೀಗದವನಿಗೆ ಅಳುವೇ ಬಂತು.

ಸಂಘದಿಂದ ಬಂದವರು ಇಬ್ಬರು, ಕನ್ನಡಕ ಹಾಕಿದ ಹೆಂಗಸು ಮತ್ತು ಫೈಲು ಹಿಡಿದ ಗಂಡಸು. ಕನ್ನಡಕದಮ್ಮ ಸೋಫಾದಲ್ಲಿ ಕೂತು ಅರ್ಧ ಹೂತುಹೋದರು.

“ಮನೇಲಿ ಒಂದೂ ಮಂಚ ಇಲ್ಲ ಅಂತ ಬರೆದಿದೀರಿ.”

“ಇಲ್ಲ ಅಮ್ಮಾ.”

ಇಬ್ಬರೂ ಮಂಚದ ಕಡೆ ನೋಡಿದರು. “ತುಂಬಾ ಮೆತ್ತಗಿದೆ, ಬನ್ನಿ, ಇಲ್ಲೇ ಕೂತ್ಕೊಳ್ಳಿ,” ಎಂದಳು ತಾಯಿ.

“ಅಯ್ಯೋ, ಇದ್ಯಾವುದೂ ನಮ್ಮದಲ್ಲ ಅಮ್ಮಾ!”

ಫೈಲಿನವನು ನಕ್ಕ. “ಎಲ್ಲರೂ ಹೀಗೇ ಹೇಳೋದು. ನಿನ್ನೆ ಒಬ್ರು, ಕಾರು ನಮ್ಮ ಭಾವಮೈದುನಂದು ಅಂದ್ರು.”

ಅಷ್ಟರಲ್ಲಿ ಟೀ ಹಿಡಿದು ಅಕ್ಕ ಬಂದಳು. ಬೀಗದವನಿಗೆ ಜೀವ ಬಂದಂತಾಯಿತು. “ಬೇಕಾದ್ರೆ ಈ ಅಕ್ಕನ್ನೇ ಕೇಳಿ. ಇದೆಲ್ಲ ಯಾರ್ದು, ಹೇಳಿ ಅಕ್ಕಾ!”

“ಅವನ ಸಂಕೋಚ ಹೊಸದೇನಲ್ಲ ಬಿಡಿ,” ಎಂದಳು ಅಕ್ಕ. “ಎಲ್ಲಾ ಅವನದೇ. ಬೆವರು ಸುರಿಸಿ ಸಂಪಾದಿಸಿದ್ದು.”

“ಪುಸ್ತಕಾನೂ ಓದ್ತಾನೆ,” ಎಂದರು ಬಾಗಿಲಲ್ಲಿ ನಿಂತ ಮೇಷ್ಟ್ರು.

ಬೀಗದವನ ತಾಳ್ಮೆ ಕಿತ್ತುಹೋಯಿತು. ಫೈಲಿನವನ ಕೈ ಹಿಡಿದು, “ಪಕ್ಕದ ಮನೆಗೆ ಬನ್ನಿ! ಖಾಲಿ ಇದ್ಯೋ ಇಲ್ವೋ ನಿಮ್ಮ ಕಣ್ಣಾರೆ ನೋಡಿ!” ಎಂದು ಎಳೆದುಕೊಂಡೇ ಹೋದ. ಕನ್ನಡಕದಮ್ಮ ಸೋಫಾದಿಂದ ಕಷ್ಟಪಟ್ಟು ಎದ್ದು ಹಿಂದೆಯೇ ಬಂದರು.

ಮನೆ ನಿಜಕ್ಕೂ ಖಾಲಿಯಿತ್ತು. ಬರಿಯ ಗೋಡೆ, ಬರಿಯ ಮೊಳೆ. ನಡುವೆ ಹರಕು ಚಾಪೆಯ ಮೇಲೆ ಅಕ್ಕನ ಅತ್ತೆ ಅಂಗಾತ ಬಿದ್ದು ನರಳುತ್ತಿದ್ದರು.

“ಯಾಕೆ ಅಜ್ಜಿ ನೆಲದ ಮೇಲೆ ಮಲಗಿದೀರಿ?” ಎಂದರು ಕನ್ನಡಕದಮ್ಮ.

“ಮತ್ತೆಲ್ಲಿ ಮಲಗ್ಲಿ? ಇದ್ದ ಒಂದು ಮಂಚಾನೂ ಬೆಳಿಗ್ಗೆ ಎತ್ಕೊಂಡು ಹೋದ್ರು. ನನ್ನನ್ನ ಕೇಳೋರು ಯಾರಿದಾರೆ?”

“ಜಪ್ತಿ ಆಗಿರ್ಬೇಕು,” ಎಂದು ಫೈಲಿನವನು ಪಿಸುಗುಟ್ಟಿದ.

“ಜಪ್ತಿ ಅಲ್ಲ ಸ್ವಾಮೀ! ಎತ್ಕೊಂಡು ಹೋದದ್ದು ನಮ್ಮನೆಗೇ!”

ಕನ್ನಡಕದಮ್ಮ ನಿಧಾನವಾಗಿ ಅವನ ಕಡೆ ತಿರುಗಿದರು. “ಅವರ ಕಷ್ಟಕಾಲ ನೋಡ್ಕೊಂಡು ಎಲ್ಲಾನೂ ನೀವೇ ಹೊಡ್ಕೊಂಡ್ರಾ? ಮುದುಕಿ ಮಲಗೋ ಮಂಚಾನೂ ಬಿಡ್ಲಿಲ್ವಾ? ಅದರ ಮೇಲೆ ನಮ್ಮ ಹತ್ರ ಇನ್ನೊಂದು ಕೇಳ್ತೀರಾ?”

“ಅಯ್ಯೋ, ಹಾಗಲ್ಲ ಅಮ್ಮಾ!” ಎಂದ ಬೀಗದವನು. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಬಾಗಿಲಿಗೆ ಬಂದ ಅಕ್ಕನ ಕೈಯನ್ನು ಕನ್ನಡಕದಮ್ಮ ಹಿಡಿದುಕೊಂಡರು. “ಇಷ್ಟು ಕಷ್ಟ ಇಟ್ಕೊಂಡು ನೀವ್ಯಾಕಮ್ಮ ಅರ್ಜಿ ಹಾಕ್ಲಿಲ್ಲ? ಬಡವರಿಗೆ ನಾವು ಮಂಚ ಪುಕ್ಕಟೆ ಕೊಡ್ತೀವಿ.”

ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ‘ಪುಕ್ಕಟೆ’ ಎಂಬುದು ಸ್ಪಷ್ಟವಾಗಿ ಕೇಳಿಸಿತು. ಒಂದು ಕ್ಷಣ ಗಾಡಿಯ ಕಡೆ ನೋಡಿದಳು, ಮರುಕ್ಷಣ ಕಣ್ಣೊರೆಸಿಕೊಂಡಳು. “ಕೇಳೋಕೆ ನಾಚಿಕೆ ಆಯ್ತಮ್ಮ.”

ಬೀಗದವನ ಕಣ್ಣೆದುರೇ ಅವನ ಅರ್ಜಿಯ ಮೇಲೆ ಅಡ್ಡಗೆರೆ ಬಿತ್ತು, ಹೊಸ ಹಾಳೆಗೆ ಅಕ್ಕನ ಸಹಿ ಬಿತ್ತು. ಮಂಚ ಇಳಿಸಲು ಆಳು ಸಾಲದೆ ಒಂದು ತುದಿ ಹಿಡಿಯುವ ಕೆಲಸವೂ ಅವನಿಗೇ ಬಂತು. ಫೈಲಿನವನು ಮಂಚದ ಕಾಲಿಗೆ ಬಣ್ಣದಲ್ಲಿ ಅಕ್ಕನ ಮನೆ ನಂಬರ್ ಬರೆದು, ಕನ್ನಡಕದಮ್ಮನ ಜೊತೆ ಗಾಡಿ ಹತ್ತಿ ಹೋದ.

“ಅದು ನಮ್ಮಮ್ಮನಿಗೆ ಬಂದಿದ್ದ ಮಂಚ ಅಕ್ಕಾ!” ಎಂದು ಬೀಗದವನು ಆಗ ಎಲ್ಲವನ್ನೂ ಹೇಳಿ ಕೂಗಾಡಿದ.

ಅಕ್ಕನಿಗೆ ನಿಜವಾಗಿಯೂ ಕೆಡುಕೆನಿಸಿತು. “ಬೆಳಿಗ್ಗೇನೇ ಬಾಯಿಬಿಟ್ಟು ಹೇಳ್ಬಾರ್ದಿತ್ತೇನೋ? ಒಳ್ಳೆ ಕತೆ ಆಯ್ತಲ್ಲ.” ಸ್ವಲ್ಪ ಯೋಚಿಸಿ ಅಂದಳು, “ನೋಡು, ಆರು ತಿಂಗಳು ಅವರು ಹೇಳದೆ ಕೇಳದೆ ಬಂದು ನೋಡ್ತಾರಂತೆ. ಎರಡು ಮಂಚ ಕಂಡ್ರೆ ಹೊಸದನ್ನ ಕಿತ್ಕೊಂಡು ಹೋಗ್ತಾರೆ. ನಮ್ಮ ಹಳೇದು ನಿಮ್ಮನೇಲೇ ಇರ್ಲಿ. ಮಿಕ್ಕ ಸಾಮಾನು ಯಾರೋ ಪುಣ್ಯಾತ್ಮರು ಕೊಟ್ರು ಅಂತೀನಿ.”

ಬೀಗದವನಿಗೆ ಕಿವಿಯನ್ನು ನಂಬಲಾಗಲಿಲ್ಲ. ಸೋಫಾ, ಫ್ರಿಜ್ಜು, ಟಿವಿ, ಕಪಾಟು ಎಲ್ಲವನ್ನೂ ತಾನೇ ಮುಂದೆ ನಿಂತು ಹೊತ್ತು ಮುಟ್ಟಿಸಿದ. ಸೊಂಟ ಮುರಿದರೂ ಬೇಸರವಾಗಲಿಲ್ಲ. ಸಂಜೆ ಬಂದ ಹೆಂಡತಿ ಅತ್ತೆಯ ತಲೆದಿಂಬು ಸರಿಮಾಡಿದಳು. ತಾಯಿ ಕಾಲು ನೀಡಿ ಹಾಯಾಗಿ ಕಣ್ಣು ಮುಚ್ಚಿದ್ದು ಕಂಡು ಅವನ ಕಣ್ಣು ತುಂಬಿತು. ಅಕ್ಕನನ್ನು ಬೈದದ್ದಕ್ಕೆ ನಾಚಿಕೆಯೂ ಆಯಿತು.

ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆಯಿತು. ಕಂಕುಳಲ್ಲಿ ದಿಂಬು ಇರುಕಿಕೊಂಡು ಅಕ್ಕನ ಅತ್ತೆ ಸರಸರನೆ ಒಳಗೆ ಬಂದರು.

“ಆ ಕಬ್ಬಿಣದ ಮಂಚ ಮಗ್ಗುಲು ಬದಲಿಸಿದ್ರೆ ಕಿರುಗುಟ್ಟುತ್ತೆ. ಇಪ್ಪತ್ತು ವರ್ಷದಿಂದ ನಾನು ಮಲಗ್ತಿರೋದು ಇದರ ಮೇಲೆ. ಏಳಮ್ಮ.”

ಹಿಂದೆಯೇ ಅಕ್ಕ ನಿಂತಿದ್ದಳು. “ಆರು ತಿಂಗಳು ತಾನೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೋಪ್ಪ. ಊಟ ನಾನೇ ತಂದುಕೊಡ್ತೀನಿ.”

“ಹಾಗಾದ್ರೆ ಆ ಹೊಸ ಮಂಚಾನಾದ್ರೂ ನಮಗೆ ಕೊಡಿ ಅಕ್ಕಾ!”

“ಅದಕ್ಕೆ ನಮ್ಮನೆ ನಂಬರ್ ಹಾಕಿದಾರಲ್ಲೋ. ನಂಬಿ ದಾನ ಕೊಟ್ಟೋರಿಗೆ ಮೋಸ ಮಾಡೋಕಾಗುತ್ತಾ?”

ಗಂಡ ಹೆಂಡತಿ ಸೇರಿ ತಾಯಿಯನ್ನು ಚಾಪೆಯ ಮೇಲೆ ಇಳಿಸಿದರು. ಮಂಡಿ ಮಡಚುವಾಗ ಅವಳು ಅಮ್ಮಾ ಎಂದು ಚೀರಿದಳು. ಮಂಚದ ಮೇಲೆ ಆಗಲೇ ಮುಸುಕೆಳೆದಿದ್ದ ಅಕ್ಕನ ಅತ್ತೆ ತಲೆ ಹೊರಗೆ ಹಾಕಿ ಕೆಳಗೆ ನೋಡಿದರು. ಅವರ ಮುಖದಲ್ಲಿ ನಿಜವಾದ ಕನಿಕರವಿತ್ತು.

“ಪಾಪ, ಈ ವಯಸ್ಸಲ್ಲಿ ನೆಲದ ಮೇಲೆ ಮಲಗಿಸ್ತೀಯೇನಪ್ಪ? ಯಾವುದೋ ಸಂಘದವರು ಬಡವರಿಗೆ ಮಂಚ ಪುಕ್ಕಟೆ ಕೊಡ್ತಾರಂತೆ. ನಾಚ್ಕೋಬೇಡ, ನಾಳೇನೇ ಒಂದು ಅರ್ಜಿ ಹಾಕು.”